ಯಾವ ಫೋಟೋ ಮುಂದೆ ನಿಮ್ಮ ಕಾಲು ನಿಲ್ತು?

ಕಡ್ಲೆಪುರಿ

ಹೋದ ವಾರ ಚಿತ್ರಕಲಾ ಪರಿಷತ್ತಿನ ಕಡೆ ಹೋಗಿದ್ದೆ. ಗೇಟಿನಲ್ಲಿ ಪ್ರವಾಸದ ಫೋಟೋಗಳ ಪ್ರದರ್ಶನ ಅಂತ ಬ್ಯಾನರ್ ಇತ್ತು. ಟಿಕೆಟ್ ಇಲ್ಲ, ಹೊರಗೆ ಬಿಸಿಲು. ಸುಮ್ನೆ ಒಳಗೆ ಹೋದೆ.

ಮೊದಲ ಗೋಡೆ ನೋಡಿ ‘ಅಬ್ಬಾ’ ಅಂದೆ. ದೆಹಲಿಯ ಯಮುನಾ ಘಾಟ್, ಮಂಜು, ಒಂದು ದೋಣಿ, ಸುತ್ತ ಲೆಕ್ಕವಿಲ್ಲದಷ್ಟು ಬಿಳಿ ಹಕ್ಕಿ. ಪಕ್ಕದಲ್ಲಿ ಪುಷ್ಕರದ ಜಾತ್ರೆ, ಸಂಜೆ ಧೂಳಿನಲ್ಲಿ ಒಂಟೆ ಸಾಲು. ಸ್ಪಿತಿಯ ಕೀ ಮಠ, ಅದರ ಮೇಲೆ ನಕ್ಷತ್ರಗಳು. ಕಾಶಿಯಲ್ಲಿ ಹೊಗೆ ಬಿಡುತ್ತಿರುವ ಸಾಧು. ಶ್ರೀಲಂಕಾದಲ್ಲಿ ಕೋಲಿನ ಮೇಲೆ ಕೂತು ಮೀನು ಹಿಡಿಯುವವರು. ಒಂದೂ ಕೆಟ್ಟ ಫೋಟೋ ಅಲ್ಲ. ಆದರೆ ಮೂರನೇ ಗೋಡೆಗೆ ಬರುವಷ್ಟರಲ್ಲಿ ಇವನ್ನೆಲ್ಲ ಎಲ್ಲೋ ನೋಡಿದ್ದೀನಲ್ಲ ಅನ್ನಿಸೋಕೆ ಶುರುವಾಯಿತು. ಕ್ಯಾಲೆಂಡರಿನಲ್ಲಿ, ಫೋನಿನಲ್ಲಿ, ಬ್ಯಾಂಕಿನ ಗೋಡೆಯಲ್ಲಿ.

ಕಾಲು ನಿಂತಿದ್ದು ಮೂಲೆಯಲ್ಲಿದ್ದ ಒಂದು ಚಿಕ್ಕ ಫೋಟೋ ಮುಂದೆ. ತುಂಗಭದ್ರೆ, ಹರಿಗೋಲು, ಅದರೊಳಗೆ ಒಂದು ಬೈಕ್. ಹ್ಯಾಂಡಲ್‌ಗೆ ನೇತುಹಾಕಿದ ಚೀಲದಿಂದ ಹೊಸ ಪೊರಕೆ ಹೊರಗೆ ಬಂದಿದೆ. ಹಿಂದಿನ ಸೀಟು ಹಿಡ್ಕೊಂಡು ಒಬ್ಬ ಹುಡುಗ ಕೂತಿದ್ದಾನೆ. ಬೈಕ್ ಬೀಳದಿರಲಿ ಅಂತಲೋ, ತಾನು ಬೀಳದಿರಲಿ ಅಂತಲೋ ಗೊತ್ತಾಗಲ್ಲ. ಒಬ್ಬ ಹೆಂಗಸು ಸೆರಗು ಹಲ್ಲಲ್ಲಿ ಕಚ್ಚಿಕೊಂಡು ಫೋನ್ ನೋಡುತ್ತಿದ್ದಾಳೆ. ಹುಟ್ಟು ಹಾಕುವವನ ಮುಖ ಬೈಕಿನ ಕನ್ನಡಿ ಹಿಂದೆ ಮರೆ. ಆ ಕನ್ನಡಿಯಲ್ಲಿ ಈಚೆ ದಡದ ಬಂಡೆ ಕಾಣುತ್ತದೆ. ಹಂಪಿ ಸೀಮೆ ಅಂತ ಗೊತ್ತಾಗುವುದು ಆ ಬಂಡೆಯಿಂದಲೇ. ಗುಡಿ ಇಲ್ಲ, ಕಲ್ಲಿನ ರಥ ಇಲ್ಲ.

ಇನ್ನೊಂದು ಹಿಡಿಸಿದ್ದು ಹುಬ್ಬಳ್ಳಿ ಸ್ಟೇಷನ್ನಿನ ಉದ್ದನೆ ಪ್ಲಾಟ್‌ಫಾರಂ, ಆ ತುದಿಯಲ್ಲಿ ಸೂಟ್‌ಕೇಸ್ ಹಿಡಿದ ಒಬ್ಬನೇ ಒಬ್ಬ.

ಇಷ್ಟು ದೊಡ್ಡ ದೇಶದಲ್ಲಿ ಎಲ್ಲರೂ ಅದೇ ಐದಾರು ಜಾಗಕ್ಕೆ ಹೋಗಿ ಅದೇ ಫೋಟೋ ತೆಗೆಯುವುದು ಯಾಕೆ? ಮತ್ತೆ, ನೀವು ಇಂಥ ಪ್ರದರ್ಶನಕ್ಕೆ ಹೋದಾಗ ಯಾವ ಫೋಟೋ ಮುಂದೆ ನಿಂತಿದ್ದೀರಿ?

ಜಯನಗರ ಫೋರ್ತ್ ಬ್ಲಾಕ್

ಫ್ಯಾನ್ ಯಾವುದರ ಮೇಲೆ ತಿರುಗುತ್ತಿರುತ್ತೋ ಅದರ ಮುಂದೆ.

ಧಾರವಾಡದಾಂವ

ಹುಬ್ಬಳ್ಳಿ ಬಗ್ಗೆ ಒಂದೇ ಸಾಲು ಬರೆದು ಕೈ ತೊಳ್ಕೊಂಡ್ರಲ್ರೀ! ಅದು ಜಗತ್ತಿನಲ್ಲೇ ಉದ್ದದ ಪ್ಲಾಟ್‌ಫಾರಂ. 1507 ಮೀಟರ್. 2023ರ ಮಾರ್ಚಿನಲ್ಲಿ ಉದ್ಘಾಟನೆ ಆಯಿತು. ಅದಕ್ಕೆ ಮೊದಲು ಗೋರಖ್‌ಪುರದ್ದೇ ದೊಡ್ಡದು ಅಂತಿದ್ದರು, ಅದು 1366 ಮೀಟರ್. ನಮ್ಮ ಬೋಗಿ ಎಲ್ಲಿ ನಿಲ್ಲುತ್ತೆ ಅಂತ ಗೊತ್ತಿಲ್ಲದೆ ಲಗೇಜ್ ಹೊತ್ಕೊಂಡು ಈ ತುದಿಯಿಂದ ಆ ತುದಿಗೆ ಓಡಿದವರಿಗೆ ಆ ಸೂಟ್‌ಕೇಸಿನವನ ಪಾಡು ಅರ್ಥವಾಗುತ್ತೆ. ನಮ್ಮ ಮಾವ ಒಮ್ಮೆ ನಡುವೆ ಚಹಾ ಕುಡಿಯೋಕೆ ನಿಂತು ರೈಲೇ ತಪ್ಪಿಸಿಕೊಂಡರು.

ಲೆನ್ಸ್‌ಕ್ಯಾಪ್ ಕಳ್ಕೊಂಡವ

ಮೇಡಂ, ಯಮುನಾ ಘಾಟ್ ಫೋಟೋ ನೋಡಿ ಮೂಗು ಮುರಿಯುವುದು ಸುಲಭ. ಆ ಹಕ್ಕಿಗಳು ಇರೋದೇ ಚಳಿಗಾಲದ ಮೂರು ನಾಲ್ಕು ತಿಂಗಳು. ದೆಹಲಿಯ ಚಳಿಯಲ್ಲಿ ಬೆಳಗಿನ ಜಾವ ಎದ್ದು ಕಾಶ್ಮೀರಿ ಗೇಟ್ ಹತ್ತಿರ ಹೋಗಬೇಕು. ಆ ನೀರಿನ ವಾಸನೆ ತಡ್ಕೋಬೇಕು. ಮಂಜಿನೊಳಗಿಂದ ಸೂರ್ಯ ಕೆಂಪಗೆ ಕಾಣುವ ಸ್ವಲ್ಪ ಹೊತ್ತಿಗೆ ಕಾಯಬೇಕು. ಶಟರ್ ಸ್ಪೀಡ್ ಕಡಿಮೆಯಾದರೆ ರೆಕ್ಕೆಗಳೆಲ್ಲ ಕಲಸಿಹೋಗುತ್ತವೆ, ಜಾಸ್ತಿ ಮಾಡಿದರೆ ಬೆಳಕು ಸಾಲಲ್ಲ. ಅಲ್ಲಿ ನಿಂತು ಕಲಿತದ್ದು ಬೇರೆ ಎಲ್ಲಿ ಬೇಕಾದರೂ ಉಪಯೋಗಕ್ಕೆ ಬರುತ್ತದೆ. ಸಂಗೀತ ಕಲಿಯುವವರೆಲ್ಲ ಸರಳೆ ವರಸೆಯಿಂದಲೇ ಶುರು ಮಾಡಲ್ವಾ? ಇದೂ ಹಾಗೆಯೇ.

ಹಳೇ ರೀಲು

ಸರಳೆ ವರಸೆ ಕಲಿಯಬೇಕು ಸ್ವಾಮಿ, ಬೇಡ ಅಂದವರು ಯಾರು. ಅದನ್ನೇ ಕಛೇರಿಯಲ್ಲಿ ಹಾಡಿದರೆ ಹೇಗೆ?

ಜಯನಗರ ಫೋರ್ತ್ ಬ್ಲಾಕ್

ರೀಲು ಸರ್‌ಗೆ ಒಂದು ಚಪ್ಪಾಳೆ.

ಕರೋಲ್‌ಬಾಗ್ ಕಾವೇರಿ

ನಾನು ದೆಹಲಿಯಲ್ಲೇ ಇರುವವಳು. ಯಮುನಾ ಘಾಟ್ ಫೋಟೋದಲ್ಲಿ ಕಾಣದ ಭಾಗ ಹೇಳುತ್ತೇನೆ. ಹಕ್ಕಿಗಳು ದೋಣಿ ಸುತ್ತ ತಾವಾಗಿ ಬಂದು ಕುಣಿಯಲ್ಲ. ದೋಣಿಯವರ ಹತ್ತಿರ ಸೇವ್ ಪ್ಯಾಕೆಟ್ ಇರುತ್ತದೆ. ಒಂದು ಹಿಡಿ ಎರಚಿ ಕೂಗಿದರೆ ಎಲ್ಲ ಒಟ್ಟಿಗೆ ಬರುತ್ತವೆ. ಮುಂದಿನ ದೋಣಿಯಲ್ಲಿ ಒಬ್ಬ ಎರಚುತ್ತಾನೆ, ಹಿಂದಿನ ದೋಣಿಯಲ್ಲಿ ಕ್ಯಾಮೆರಾದವರು. ಅಷ್ಟು ದೂರದಿಂದ ಚಳಿಗಾಲ ಕಳೆಯೋಕೆ ಬಂದ ಹಕ್ಕಿಗೆ ಎಣ್ಣೆಯಲ್ಲಿ ಕರಿದ ಕಡಲೆಹಿಟ್ಟು. ಅದರ ಹೊಟ್ಟೆ ಗತಿ ಏನೋ.

ಲೆನ್ಸ್‌ಕ್ಯಾಪ್ ಕಳ್ಕೊಂಡವ

ಅದು ಫೋಟೋಗ್ರಾಫರ್ ಬರುವ ಮೊದಲಿನಿಂದಲೂ ಇದೆ ಮೇಡಂ. ಪುಣ್ಯಕ್ಕೆ ಅಂತ ಹಾಕುವವರೇ ಜಾಸ್ತಿ.

ಕರೋಲ್‌ಬಾಗ್ ಕಾವೇರಿ

ಪುಣ್ಯಕ್ಕೆ ಹಾಕುವವರು ‘ಇನ್ನೊಂದು ಸಲ ಎರಚಿ, ಈ ಕಡೆ ತಿರುಗಿ’ ಅನ್ನಲ್ಲ.

ನೇತ್ರಾವತಿ ಎಕ್ಸ್‌ಪ್ರೆಸ್

ಶ್ರೀಲಂಕಾದ ಕೋಲಿನ ಮೀನುಗಾರರದ್ದೂ ಅದೇ ಕತೆ. ಗಾಲೆಯಿಂದ ವೆಲಿಗಾಮ ಕಡೆ ಹೋಗುವ ದಾರಿಯಲ್ಲಿ ಕೊಗ್ಗಲ ಅಂತ ಊರು. ಕೋಲು ನೆಟ್ಟಿರುತ್ತಾರೆ. ನಾವು ಕಾರು ನಿಲ್ಲಿಸಿದೆವು, ನೆರಳಲ್ಲಿ ಹರಟೆ ಹೊಡೆಯುತ್ತಿದ್ದವರು ಎದ್ದು ಹೋಗಿ ಕೋಲು ಹತ್ತಿದರು. ಗಾಳದಲ್ಲಿ ಹುಳ ಇತ್ತೋ ಇಲ್ಲವೋ ದೇವರಿಗೇ ಗೊತ್ತು. ಇಳಿದು ಬಂದು ದುಡ್ಡು ಕೇಳಿದರು, ಕೊಟ್ಟೆವು. ಅದರಲ್ಲಿ ನನಗೇನೂ ಬೇಜಾರಿಲ್ಲ. ಅಲ್ಲಿ ನಿಜವಾಗಿ ಹಾಗೆ ಮೀನು ಹಿಡಿಯುತ್ತಿದ್ದ ಕಾಲ ಇತ್ತು. ಈಗ ಮೀನಿಗಿಂತ ಟೂರಿಸ್ಟು ಜಾಸ್ತಿ ಸಿಗುತ್ತಾರೆ.

ಚೀನಾದ ಲಿ ನದಿಯಲ್ಲಿ ಲಾಟೀನು ಹಿಡಿದು, ನೀರುಕಾಗೆ ಕೂರಿಸಿಕೊಂಡ ಬಿಳಿ ಗಡ್ಡದ ಅಜ್ಜ, ಬರ್ಮಾದ ಇನ್ಲೆ ಸರೋವರದಲ್ಲಿ ಒಂಟಿ ಕಾಲಲ್ಲಿ ಬುಟ್ಟಿ ಎತ್ತಿ ನಿಲ್ಲುವವನು, ಇವರೆಲ್ಲ ಈಗ ಮಾಡೆಲ್‌ಗಳೇ. ಅದು ಅವರ ಸಂಪಾದನೆ. ನನ್ನ ತಕರಾರು ಒಂದೇ. ಪ್ರದರ್ಶನದಲ್ಲಿ ಅದರ ಕೆಳಗೆ ‘ಮೀನುಗಾರನ ದಿನಚರಿ’ ಅಂತ ಬರೆಯಬೇಡಿ.

ಲೆನ್ಸ್‌ಕ್ಯಾಪ್ ಕಳ್ಕೊಂಡವ

ಇದರ ಬಗ್ಗೆ ನಿಯಮವೇ ಇದೆ. ಸಲಾನ್‌ಗಳಿಗೆ, ಅಂದರೆ ಫೋಟೋ ಸ್ಪರ್ಧೆ-ಪ್ರದರ್ಶನಗಳಿಗೆ ನಾನು ಕಳಿಸುತ್ತಿರುತ್ತೇನೆ. ಪಿಎಸ್‌ಎ ಅಂತ ಅಮೆರಿಕದ ಫೋಟೋಗ್ರಾಫರುಗಳ ಸಂಸ್ಥೆ ಇದೆ, ಅದರ ‘ಫೋಟೋ ಟ್ರಾವೆಲ್’ ವಿಭಾಗದಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಒಂದು ನಾಡಿನ ಲಕ್ಷಣವನ್ನು, ಸಂಸ್ಕೃತಿಯನ್ನು ಸಹಜವಾಗಿ ಇದ್ದ ಹಾಗೇ ತೋರಿಸಬೇಕು. ಫೋಟೋ ತೆಗೆಯುವುದಕ್ಕಂತಲೇ ಏರ್ಪಡಿಸಿದ್ದು, ದುಡ್ಡು ಕೊಟ್ಟು ಗೊತ್ತು ಮಾಡಿದ ಜನ, ‘ಹೀಗೆ ನಿಲ್ಲಿ’ ಅಂತ ಹೇಳಿ ನಿಲ್ಲಿಸಿದ್ದು ನಡೆಯಲ್ಲ. ಫೋಟೋಶಾಪಿನಲ್ಲಿ ಏನನ್ನೂ ಸೇರಿಸುವಂತಿಲ್ಲ, ಜರುಗಿಸುವಂತಿಲ್ಲ, ಅಳಿಸುವಂತಿಲ್ಲ. ಅಂಚು ಕತ್ತರಿಸಬಹುದು. ಬರೀ ಮುಖದ ಕ್ಲೋಸಪ್ ಕೊಟ್ಟರೂ ಆಗಲ್ಲ, ಸುತ್ತಲಿನ ಜಾಗ ಗೊತ್ತಾಗಬೇಕು.

ಜಯನಗರ ಫೋರ್ತ್ ಬ್ಲಾಕ್

ಮತ್ತೆ ಆ ಲಾಟೀನು ಅಜ್ಜನಿಗೆ ಇಷ್ಟೊಂದು ಪದಕ ಹೇಗೆ ಬಂತು?

ಲೆನ್ಸ್‌ಕ್ಯಾಪ್ ಕಳ್ಕೊಂಡವ

ತೀರ್ಪುಗಾರರ ಕಣ್ಣ ಮುಂದೆ ಒಂದು ಫೋಟೋ ಇರುವುದೇ ಕೆಲವು ಸೆಕೆಂಡು. ಅಷ್ಟರಲ್ಲಿ ಕಣ್ಣು ಹಿಡಿಯಬೇಕು. ಅದಕ್ಕೇ ನೋಡಿ, ಲಾಟೀನು, ಹೊಗೆ, ಧೂಳು, ಹಿಂದಿನಿಂದ ಬರುವ ಬೆಳಕು, ಕೆಂಪು ಬಟ್ಟೆ. ಕಡ್ಲೆಪುರಿ ಮೇಡಂ ಮೆಚ್ಚಿದ ಆ ಬೈಕ್ ಫೋಟೋ ಸಲಾನ್‌ಗೆ ಹೋದರೆ ಮೊದಲ ಸುತ್ತಿನಲ್ಲೇ ಹೊರಗೆ. ಹುಟ್ಟು ಹಾಕುವವನ ಮುಖ ಕಾಣಲ್ಲ, ನಡುವೆ ಪೊರಕೆ. ‘ಗಮನ ಚದುರುತ್ತದೆ’ ಅಂತಾರೆ.

ಕಡ್ಲೆಪುರಿ

ನಾನು ನಿಂತಿದ್ದೇ ಆ ಪೊರಕೆ ನೋಡಿ!

ಹಳೇ ರೀಲು

ನಿಯಮ, ನಿಯತ್ತು ಅಂತ ಮಾತು ಬಂದಿದ್ದಕ್ಕೆ ಎರಡು ಹಳೇ ಕತೆ.

1982ರ ಫೆಬ್ರವರಿಯ ನ್ಯಾಷನಲ್ ಜಿಯಾಗ್ರಫಿಕ್ ಮುಖಪುಟ ಈಜಿಪ್ಟಿನ ಪಿರಮಿಡ್ಡುಗಳದ್ದು. ಮೂಲ ಫೋಟೋ ಅಡ್ಡ ಇತ್ತು, ಮುಖಪುಟ ಉದ್ದ ಇರುತ್ತದಲ್ಲ, ಹಿಡಿಸಲಿಲ್ಲ. ಕಂಪ್ಯೂಟರಿನಲ್ಲಿ ಪಿರಮಿಡ್ಡನ್ನೇ ಹತ್ತಿರ ಸರಿಸಿಬಿಟ್ಟರು. ಸಾವಿರಾರು ವರ್ಷ ಅಲ್ಲಾಡದೆ ನಿಂತಿದ್ದನ್ನು! ಫೋಟೋಶಾಪ್ ಹುಟ್ಟುವ ಮೊದಲಿನ ಮಾತು ಇದು. ದೊಡ್ಡ ಗಲಾಟೆ ಆಯಿತು.

ಎರಡನೆಯದು ಸ್ಟೀವ್ ಮೆಕರಿ. 1984ರಲ್ಲಿ ಪೇಶಾವರದ ಹತ್ತಿರದ ನಿರಾಶ್ರಿತರ ಶಿಬಿರದಲ್ಲಿ ಹಸಿರು ಕಣ್ಣಿನ ಅಫ್ಘನ್ ಹುಡುಗಿಯ ಫೋಟೋ ತೆಗೆದವರು. ಪ್ರವಾಸದ ಫೋಟೋ ಅಂದರೆ ಹೀಗಿರಬೇಕು ಅಂತ ನಮ್ಮ ಕಾಲದವರೆಲ್ಲ ನಕಲು ಹೊಡೆದಿದ್ದೇ ಅವರನ್ನು. 2016ರಲ್ಲಿ ಇಟಲಿಯ ಟ್ಯೂರಿನ್ ಹತ್ತಿರ ಅವರ ಪ್ರದರ್ಶನ ನಡೆದಾಗ ನೋಡಲು ಬಂದವರೊಬ್ಬರು ಕ್ಯೂಬಾದ ಒಂದು ಪ್ರಿಂಟಿನ ಮುಂದೆ ನಿಂತರು. ಒಬ್ಬನ ಕಾಲಿನ ಹತ್ತಿರ ಕಂಬದ ತುಂಡು ಅಂಟಿಕೊಂಡಿತ್ತು. ಕಂಬ ಸರಿಸುವಾಗ ಕೈ ಜಾರಿದ ಗುರುತು. ಆಮೇಲೆ ಜನ ಹಳೆಯ ಫೋಟೋಗಳನ್ನೆಲ್ಲ ಕೆದಕಿದರು. ಕೆಲವದರಲ್ಲಿ ಇದ್ದ ಮನುಷ್ಯರೇ ಮಾಯವಾಗಿದ್ದರು. ನಾನು ವರದಿಗಾರನಲ್ಲ, ಚಿತ್ರದಲ್ಲಿ ಕತೆ ಹೇಳುವವನು ಅಂತ ಮೆಕರಿ ಹೇಳಿಕೊಂಡರು.

ಫೋನ್ ಪರದೆಯಲ್ಲಿ ಆ ಕಂಬ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಗೋಡೆಯಲ್ಲಿ ದೊಡ್ಡದಾಗಿ ತೂಗುಹಾಕಿದ್ದಕ್ಕೆ ಸಿಕ್ಕಿಬಿತ್ತು. ಪ್ರದರ್ಶನಕ್ಕೆ ಹೋಗಿ ನೋಡಿ ಅನ್ನುವುದು ಇದಕ್ಕೇ.

ನೇತ್ರಾವತಿ ಎಕ್ಸ್‌ಪ್ರೆಸ್

ಅದೇ ಮೆಕರಿಗೇ ಅಲ್ವಾ ಕೊಡಾಕ್ರೋಮ್ ಅನ್ನೋ ಕಲರ್ ಫಿಲಂನ ಕೊನೇ ರೋಲ್ ಸಿಕ್ಕಿದ್ದು?

ಹಳೇ ರೀಲು

ಹೌದು. ಕಾರ್ಖಾನೆಯಿಂದ ಬಂದ ಕೊನೆಯ ರೋಲ್, 36 ಫೋಟೋ. ಅದರಲ್ಲಿ ಕೆಲವನ್ನು ರಾಜಸ್ಥಾನದಲ್ಲಿ ರಬಾರಿ ಅನ್ನುವ ಪಶುಪಾಲಕರ ನಡುವೆ ತೆಗೆದರು. ಆ ಫಿಲಂ ತೊಳೆಯುವ ಲ್ಯಾಬು ಜಗತ್ತಿನಲ್ಲಿ ಒಂದೇ ಉಳಿದಿತ್ತು, ಅಮೆರಿಕದ ಕಾನ್ಸಸ್‌ನಲ್ಲಿ. 2010ರ ಡಿಸೆಂಬರಿಗೆ ಅದೂ ನಿಂತಿತು. 36ರಲ್ಲಿ ಒಂದೂ ಹಾಳು ಮಾಡುವ ಹಾಗಿಲ್ಲ! ಈಗಿನವರು ಒಂದು ಇಡ್ಲಿಗೆ ಅಷ್ಟು ಫೋಟೋ ತೆಗೆಯುತ್ತಾರೆ.

ತಿಂಡಿಪೋತ

ಇಡ್ಲಿ ವಿಷಯಕ್ಕೆ ಬರಬೇಡಿ. ಬಿಸಿ ಇರುವಾಗ ಹಬೆ ಚೆನ್ನಾಗಿ ಬರುತ್ತೆ.

ಸಾತೊಡ್ಡಿ

ನಾನು ಅಂಕೋಲೆ ಕಡೆಯವಳು. ಇದನ್ನೆಲ್ಲ ಓದಿ ಒಂದು ಮಾತು ಹೇಳಲೇಬೇಕು ಅನ್ನಿಸಿತು.

ನಮ್ಮಲ್ಲಿ ಹಾಲಕ್ಕಿ ಒಕ್ಕಲಿಗ ಹೆಂಗಸರು ಸಂತೆಗೆ ಬರುತ್ತಾರೆ. ಕೊರಳ ತುಂಬ ಮಣಿಸರ, ರವಿಕೆ ಇಲ್ಲದೆ ಉಡುವ ಸೀರೆ. ತುಳಸಿ ಗೌಡ, ಸುಕ್ರಿ ಬೊಮ್ಮಗೌಡ ಅವರಿಗೆ ಪದ್ಮಶ್ರೀ ಬಂದ ಮೇಲೆ ಎಲ್ಲರಿಗೂ ಈ ಉಡುಗೆ ಗೊತ್ತಾಗಿದೆ. ಶನಿವಾರ, ಭಾನುವಾರ ಬಂತೆಂದರೆ ದೊಡ್ಡ ಲೆನ್ಸಿನವರು ಬರುತ್ತಾರೆ. ಸಾಲಾಗಿ ಕೂತು ಸೊಪ್ಪು, ಬಾಳೆಕಾಯಿ ಮಾರುವವರ ಎದುರು ಮೊಣಕಾಲೂರಿ ಕೂತು ಟಿಕ್ ಟಿಕ್ ಟಿಕ್. ವ್ಯಾಪಾರಕ್ಕೆ ಬಂದವರಿಗೆ ಹತ್ತಿರ ಹೋಗೋಕೇ ಜಾಗ ಇಲ್ಲ. ಒಬ್ಬ ಅಜ್ಜಿ ಬಸಳೆ ಕಟ್ಟು ಎತ್ತಿ ಮುಖಕ್ಕೆ ಅಡ್ಡ ಹಿಡಿದರು, ನನಗೆ ಬೇಡ ಅಂತ. ಆ ಮನುಷ್ಯ ಅದನ್ನೂ ಹೊಡೆದ! ‘ವಾವ್, ನ್ಯಾಚುರಲ್ ಎಕ್ಸ್‌ಪ್ರೆಷನ್’ ಅಂತ ಪಕ್ಕದವನಿಗೆ ತೋರಿಸಿದ. ಒಂದು ಕಟ್ಟು ಬಸಳೆ ತಗೊಳ್ಳಲಿಲ್ಲ.

ಯಮುನೆಯ ಹಕ್ಕಿಗೆ ಸೇವ್ ಆದರೂ ಸಿಗುತ್ತದೆ.

ಲೆನ್ಸ್‌ಕ್ಯಾಪ್ ಕಳ್ಕೊಂಡವ

ಎಲ್ಲರೂ ಹಾಗಿರಲ್ಲ ಮೇಡಂ. ನಾನು ಕೇಳಿಯೇ ತೆಗೆಯುತ್ತೇನೆ, ಫೋಟೋ ತೋರಿಸುತ್ತೇನೆ.

ಸಾತೊಡ್ಡಿ

ಒಳ್ಳೆಯದು. ಆದರೆ ಕೇಳಿದರೆ ‘ಸಹಜವಾಗಿ’ ಬರಲ್ಲ, ಕೇಳದಿದ್ದರೆ ಮರ್ಯಾದೆ ಇಲ್ಲ. ನಿಮ್ಮ ಆ ನಿಯಮದಲ್ಲಿ ಇದಕ್ಕೆ ಏನು ಹೇಳುತ್ತಾರೆ?

ಮಸ್ಕತ್ ಮಂಜ

ಒಮಾನಿನಲ್ಲಿ ನಿಜ್ವಾ ಅಂತ ಊರಿದೆ, ಶುಕ್ರವಾರ ಬೆಳಗ್ಗೆ ಆಡಿನ ಸಂತೆ. ಮಾರುವವರು ಆಡು, ಕುರಿ, ಕರು ಹಿಡ್ಕೊಂಡು ವೃತ್ತಾಕಾರದ ಕಟ್ಟೆಯ ಸುತ್ತ ಸುತ್ತುತ್ತಾ ಬೆಲೆ ಕೂಗುತ್ತಾರೆ. ಕೊಳ್ಳುವವರು ಒಳಗೂ ಹೊರಗೂ ಕೂತಿರುತ್ತಾರೆ. ದಿಶ್‌ದಾಶ ಅನ್ನೋ ಬಿಳಿ ನಿಲುವಂಗಿ, ಬಣ್ಣದ ಟೋಪಿ, ಧೂಳು, ಖರ್ಜೂರದ ಮರ, ಹಿಂದೆ ಕೋಟೆ. ಇಲ್ಲಿನ ಎಲ್ಲಾ ಫೋಟೋ ಪ್ರದರ್ಶನದಲ್ಲೂ ಅದು ಇದ್ದೇ ಇರುತ್ತೆ.

ಅಲ್ಲಿನ ಒಬ್ಬ ಮುದುಕ ಕ್ಯಾಮೆರಾದವರನ್ನು ಕಂಡರೆ ಮೊದಲು ಕೂರಿಸಿ ಖವಾ, ಅಂದರೆ ಅಲ್ಲಿನ ಕಾಫಿ, ಕುಡಿಸುತ್ತಿದ್ದ. ಕುಡಿಯುವಾಗ ಎರಡೂ ಕೈ ಬಿಜಿ, ಕ್ಯಾಮೆರಾ ಕೆಳಗೆ! ಆಮೇಲೆ ಎಲ್ಲಿಂದ ಬಂದೆ, ಮಕ್ಕಳೆಷ್ಟು ಅಂತ ವಿಚಾರಣೆ. ಅಷ್ಟು ಹೊತ್ತಿಗೆ ಒಳ್ಳೆ ಬೆಳಕು ಹೋಗಿರುತ್ತೆ. ಆಮೇಲೆ ‘ಈಗ ತೆಗಿ’ ಅಂತಾನೆ. ಸಾತೊಡ್ಡಿ ಅಕ್ಕ ಕೇಳಿದ್ದಕ್ಕೆ ಇದು ಉತ್ತರ ಅಲ್ಲ, ನೆನಪಾಯಿತು ಅಂತ ಹೇಳಿದೆ.

ಸಾತೊಡ್ಡಿ

ಆ ಅಜ್ಜನನ್ನು ಅಂಕೋಲೆಗೆ ಕಳಿಸಿ ಮಂಜಣ್ಣ.

ಗಂಗಾವತಿ ಹುಡುಗ

ಈಗ ನೋಡಿದೆ. ಕಡ್ಲೆಪುರಿ ಅಕ್ಕಾ, ಆ ಬೈಕಿನ ನಂಬರ್ ಕಾಣ್ತಿತ್ತಾ? ಕೆಎ 37 ಇದ್ದರೆ ನಮ್ಮ ಕೊಪ್ಪಳ ಕಡೆದು, ಕೆಎ 35 ಇದ್ದರೆ ಹೊಸಪೇಟೆ ಕಡೆದು.

ಹರಿಗೋಲಿಗೆ ಬೈಕ್ ಏರಿಸುವುದು ನೋಡಬೇಕು ನೀವು. ಹಲಗೆ ಗಿಲಗೆ ಏನೂ ಇಡಲ್ಲ. ಇಬ್ಬರು ಮುಂದಿನ ಚಕ್ರ ಎತ್ತಿ ಅಂಚಿನ ಮೇಲಿಟ್ಟು ಹಿಂದಿನಿಂದ ತಳ್ಳುತ್ತಾರೆ. ನಟ್ಟ ನಡುವೆ ನಿಲ್ಲಿಸಬೇಕು, ಒಂದು ಬದಿಗೆ ಆದರೆ ಗರಗರ ತಿರುಗುತ್ತೆ. ತಳ ಬಿದಿರಿನ ಹೆಣಿಗೆ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಮೇಲೆ ಟಾರು ಬಳಿದಿರುತ್ತಾರೆ. ಅದಕ್ಕೇ ಸೈಡ್ ಸ್ಟ್ಯಾಂಡ್ ಹಾಕಿದರೆ ಬೈಗುಳ. ಸ್ಟ್ಯಾಂಡ್ ಚುಚ್ಚಿಕೊಂಡರೆ ನೀರು ಒಳಗೆ. ಆ ಹುಡುಗ ಬೈಕ್ ಹಿಡ್ಕೊಂಡು ಕೂತಿದ್ದು ಅದಕ್ಕೆ.

ಇನ್ನೊಂದು ಮಾತು. ನಿಮಗೆ ಅದು ಚಂದದ ಫೋಟೋ. ನಮಗೆ ಅದು ಸೇತುವೆ ಇಲ್ಲದ ಫೋಟೋ. ತಳವಾರಘಟ್ಟದ ಹತ್ತಿರ ಆನೆಗೊಂದಿಗೆ ಸೇತುವೆ ಶುರು ಮಾಡಿದ್ದರು. ಆ ಸೇತುವೆ ಗಲಾಟೆಯಲ್ಲೇ ಯುನೆಸ್ಕೊದವರು 1999ರಲ್ಲಿ ಹಂಪಿಯನ್ನು ಅಪಾಯದ ಪಟ್ಟಿಗೆ ಹಾಕಿದರು, 2006ರಲ್ಲಿ ತೆಗೆದರು. 2009ರ ಜನವರಿಯಲ್ಲಿ ಕಟ್ಟುತ್ತಿದ್ದ ಸೇತುವೆಯೇ ಕುಸಿದುಬಿತ್ತು, ಕೂಲಿಯವರು ಸತ್ತರು. ಈಗ ಬುಕ್ಕಸಾಗರ ಕಡೆಬಾಗಿಲು ಸೇತುವೆ ಇದೆ, ಆದರೆ ಸುತ್ತು. ಡ್ಯಾಂನಿಂದ ನೀರು ಬಿಟ್ಟಾಗ ಹರಿಗೋಲೂ ಬಂದ್.

ಕಡ್ಲೆಪುರಿ

ನಂಬರ್ ಪ್ಲೇಟ್ ಮೇಲೆ ಆ ಹುಡುಗನ ಕಾಲಿತ್ತು! ಸ್ಟ್ಯಾಂಡ್ ವಿಷಯ ಹೇಳಿದ್ದಕ್ಕೆ ಥ್ಯಾಂಕ್ಸ್. ಫೋಟೋ ಕೆಳಗೆ ಇದರಲ್ಲಿ ಒಂದೂ ಇರಲಿಲ್ಲ. ಇಂಗ್ಲಿಷಿನಲ್ಲಿ ‘ಜರ್ನಿ’ ಅಂತ ಬರೆದಿದ್ದರು, ಅಷ್ಟೇ.

ಧಾರವಾಡದಾಂವ

ಹುಬ್ಬಳ್ಳಿದಕ್ಕೆ?

ಕಡ್ಲೆಪುರಿ

‘ಸಾಲಿಟ್ಯೂಡ್’.

ಧಾರವಾಡದಾಂವ

ಶಿವನೇ. ಅವನು ಬೋಗಿ ಹುಡುಕುತ್ತಿದ್ದಾನ್ರೀ!

ನೇತ್ರಾವತಿ ಎಕ್ಸ್‌ಪ್ರೆಸ್

ಇದೇ ನನ್ನ ದೊಡ್ಡ ಸಿಟ್ಟು. ಪ್ರವಾಸದ ಫೋಟೋ ಅಂತೀರಿ, ಊರಿನ ಹೆಸರು ಬರೆಯಲ್ಲ. ಬರೆದರೂ ಬೆಂಗಳೂರಿನ ಪ್ರದರ್ಶನದಲ್ಲಿ ಕನ್ನಡದ ಒಂದು ಅಕ್ಷರ ಇರಲ್ಲ. ನಮ್ಮಮ್ಮನನ್ನು ಕರ್ಕೊಂಡು ಹೋದರೆ ಪ್ರತಿ ಫೋಟೋಗೂ ನಾನೇ ಓದಿ ಹೇಳಬೇಕು. ಊರು, ತಿಂಗಳು, ಏನು ನಡೀತಿದೆ, ಮೂರು ಸಾಲು ಕನ್ನಡದಲ್ಲಿ ಹಾಕಿದರೆ ಏನು ಕಷ್ಟ?

ಲೆನ್ಸ್‌ಕ್ಯಾಪ್ ಕಳ್ಕೊಂಡವ

ಕನ್ನಡ ಬೇಕು, ಒಪ್ಪುತ್ತೇನೆ. ಆದರೆ ಮೂರು ಸಾಲು ಹಾಕಿದರೆ ಜನ ಓದುತ್ತಾರೆ, ಫೋಟೋ ನೋಡಲ್ಲ. ಫೋಟೋ ತಾನೇ ಮಾತಾಡಬೇಕು.

ಗಂಗಾವತಿ ಹುಡುಗ

ತಾನೇ ಮಾತಾಡಿದ್ದರೆ ಸ್ಟ್ಯಾಂಡ್ ವಿಷಯ ನಾನು ಯಾಕೆ ಹೇಳಬೇಕಿತ್ತು ಸರ್?

ಹಳೇ ರೀಲು

ಹಂಪಿ ವಿಷಯ ಬಂತಲ್ಲ, ನನ್ನ ಕಾಲು ನಿಂತ ಫೋಟೋ ಹೇಳುತ್ತೇನೆ. 1856ರಲ್ಲಿ ಗ್ರೀನ್‌ಲಾ ಅಂತ ಮದ್ರಾಸ್ ಸೇನೆಯ ಅಧಿಕಾರಿ ಹಂಪಿಯ ಫೋಟೋ ತೆಗೆದ. ಕಾಗದದ ನೆಗೆಟಿವ್‌ನಲ್ಲಿ, ಅರವತ್ತಕ್ಕೂ ಹೆಚ್ಚು. ಒಂದೊಂದು ನೆಗೆಟಿವ್ವೂ ದೊಡ್ಡ ತಟ್ಟೆಯಷ್ಟು ಅಗಲ. ಆ ಬಿಸಿಲಲ್ಲಿ, ಆ ಬಂಡೆಗಳ ನಡುವೆ ಅಷ್ಟು ಸಾಮಾನು ಹೊರಿಸಿಕೊಂಡು ಹೋಗಿ, ಒಂದೊಂದಕ್ಕೂ ನಿಮಿಷಗಟ್ಟಲೆ ಬೆಳಕು ಕೊಟ್ಟು ತೆಗೆಯಬೇಕು. ಆ ಕೆಲಸ ಎಷ್ಟೋ ವರ್ಷ ಯಾರ ಕಣ್ಣಿಗೂ ಬೀಳದೆ ಉಳಿದಿತ್ತು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ವಿಠ್ಠಲ ಗುಡಿಯ ಕಲ್ಲಿನ ರಥ ನೋಡಿ. 50 ರೂಪಾಯಿ ನೋಟಿನ ಹಿಂದೆ ಇರುವುದು ಈಗಿನ ರೂಪ, ಮೇಲೆ ಚಪ್ಪಟೆ. ಗ್ರೀನ್‌ಲಾ ಫೋಟೋದಲ್ಲಿ ಅದರ ಮೇಲೆ ಇಟ್ಟಿಗೆಯ ಗೋಪುರ ಇದೆ! ಆಮೇಲೆ ಅದನ್ನು ತೆಗೆದುಬಿಟ್ಟರು. ಆ ಒಂದು ಫೋಟೋ ಇಲ್ಲದಿದ್ದರೆ ರಥ ಮೊದಲಿನಿಂದಲೂ ಹೀಗೇ ಇತ್ತು ಅಂತ ನಾವೆಲ್ಲ ನಂಬಿಕೊಂಡಿರುತ್ತಿದ್ದೆವು. ಅವನು ‘ವಾವ್’ ಅನ್ನಿಸೋಕೆ ತೆಗೆದದ್ದಲ್ಲ. ಇದ್ದದ್ದನ್ನು ಇದ್ದ ಹಾಗೆ ಹಿಡಿದಿಟ್ಟ.

ಲೆನ್ಸ್‌ಕ್ಯಾಪ್ ಕಳ್ಕೊಂಡವ

ಅವನಿಗಾದರೆ ಟ್ರೈಪಾಡ್ ಬೇಡ ಅನ್ನುವವರು ಇರಲಿಲ್ಲ. ಈಗ ಅಲ್ಲಿ ಪುರಾತತ್ವ ಇಲಾಖೆಯ ಅನುಮತಿ ಇಲ್ಲದೆ ಟ್ರೈಪಾಡ್ ಬಿಡಿಸಿ ನೋಡಿ.

ಕುಂದಾಪ್ರ ಕೋಣ

ನಮ್ಮ ಕಂಬಳದ ಫೋಟೋ ಇರಲಿಲ್ವಾ? ಇಲ್ಲದೆ ಇರಲ್ಲ. ಎರಡು ಕೋಣ, ಎದ್ದ ನೀರು, ಹಿಂದೆ ಓಡುವವನು. ಎಲ್ಲಾ ಫೋಟೋಗ್ರಾಫರುಗಳು ಗೆರೆ ಹೊಡೆದ ಹಾಗೆ ಒಂದೇ ಜಾಗದಲ್ಲಿ ಕೂತಿರುತ್ತಾರೆ, ಗದ್ದೆಯ ತುದಿಯಲ್ಲಿ. ಕೆಸರು ಮುಖಕ್ಕೆ ಹಾರಿದರೂ ಏಳಲ್ಲ.

ಕಂಬಳದ ನಿಜವಾದ ಫೋಟೋ ಸಿಗುವುದು ಓಟ ಮುಗಿದ ಮೇಲೆ. ಕೋಣಕ್ಕೆ ಎಣ್ಣೆ ಹಚ್ಚಿ ಮೈ ತಿಕ್ಕುವವರು, ಮೈಕಿನಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿದವರು, ಕೋಣದ ಪಕ್ಕದಲ್ಲೇ ಹುಲ್ಲಿನ ಮೇಲೆ ಮಲಗಿ ನಿದ್ದೆ ಹೋದ ಹುಡುಗ. ಅಷ್ಟು ಹೊತ್ತಿಗೆ ಕ್ಯಾಮೆರಾದವರೆಲ್ಲ ಬ್ಯಾಗ್ ಕಟ್ಟಿ ಹೊರಟಿರುತ್ತಾರೆ.

ಕಡ್ಲೆಪುರಿ

ಇತ್ತು, ಮೂರು ಇದ್ದವು. ಮೂರರಲ್ಲೂ ನೀರು ಎದ್ದಿತ್ತು.

ಪ್ರಿಂಟ್ ಅಂಗಡಿ

ನಮ್ಮ ಕಸುಬಿನ ಮಾತು ಸ್ವಲ್ಪ ಹೇಳಲಾ? ಕಾಲು ನಿಲ್ಲುವುದು ಬಿಡುವುದು ಅರ್ಧ ಪ್ರಿಂಟಿನ ಕೈಯಲ್ಲಿದೆ.

ಪ್ರದರ್ಶನದ ಹಿಂದಿನ ರಾತ್ರಿ ಬಂದು ವಾಟ್ಸಾಪಿನಲ್ಲಿ ಬಂದ ಫೋಟೋ ಕೊಟ್ಟು ‘ಎರಡಡಿ ಮೂರಡಿ ಮಾಡಿ’ ಅಂತಾರೆ. ವಾಟ್ಸಾಪ್ ಅದನ್ನು ಆಗಲೇ ಹಿಂಡಿ ಹಿಪ್ಪೆ ಮಾಡಿರುತ್ತೆ. ಕಳಿಸುವುದಾದರೆ ಡಾಕ್ಯುಮೆಂಟ್ ಮಾಡಿ ಕಳಿಸಿ. 24 ಮೆಗಾಪಿಕ್ಸೆಲ್ ಅಂದರೆ ಸುಮಾರು 6000 ಬೈ 4000. ಇಂಚಿಗೆ 300 ಚುಕ್ಕಿ ಲೆಕ್ಕದಲ್ಲಿ 20 ಇಂಚು ಅಗಲ ಬರುತ್ತದೆ. ದೂರದಿಂದ ನೋಡುವ ದೊಡ್ಡ ಪ್ರಿಂಟಿಗೆ 150 ಸಾಕು, ಆಗ 40 ಇಂಚು. ಇದಕ್ಕಿಂತ ಎಳೆದರೆ ಫೋಟೋ ಅಲ್ಲ, ಫ್ಲೆಕ್ಸ್.

ಇನ್ನು ಗ್ಲಾಸು. ಹೊಳೆಯುವ ಪೇಪರು, ಅದರ ಮೇಲೆ ಹೊಳೆಯುವ ಗ್ಲಾಸು, ಎದುರಿಗೆ ಟ್ಯೂಬ್‌ಲೈಟು. ಲಡಾಖಿನ ರಾತ್ರಿ ಆಕಾಶದಲ್ಲಿ ನೋಡುವವನ ಬಕ್ಕತಲೆಯೇ ಕಾಣುವುದು. ಕಪ್ಪು ಜಾಸ್ತಿ ಇರುವ ಫೋಟೋಗೆ ಹೊಳೆಯದ ಮ್ಯಾಟ್ ಪೇಪರ್ ಹಾಕಿ, ಸನ್‌ಬೋರ್ಡ್ ಅನ್ನೋ ಹಗುರ ಫೋಮ್ ಹಲಗೆ ಮೇಲೆ ಅಂಟಿಸಿ, ಗ್ಲಾಸ್ ಬೇಡ. ಎಷ್ಟು ಹೇಳಿದರೂ ‘ಗ್ಲಾಸ್ ಇದ್ರೆ ಗ್ರ್ಯಾಂಡ್ ಅಲ್ವಾ ಸಾರ್’ ಅಂತಾರೆ. ಪರದೆಯಲ್ಲಿ ಬೆಳ್ಳಗೆ ಕಂಡದ್ದು ಪೇಪರಿನಲ್ಲಿ ಮಂಕಾಗುತ್ತದೆ ಅಂತಲೂ ಯಾರೂ ನಂಬಲ್ಲ. ಮೊದಲು ಎ4ನಲ್ಲಿ ಒಂದು ತೆಗೆಸಿ ನೋಡಿ, ನೂರಾರು ರೂಪಾಯಿ ಉಳಿಯುತ್ತೆ.

ಕಡ್ಲೆಪುರಿ

ಈಗ ಗೊತ್ತಾಯಿತು. ಕೀ ಮಠದ ಫೋಟೋ ಮುಂದೆ ನಾನು ಎಡಕ್ಕೆ ಬಲಕ್ಕೆ ಬಗ್ಗಿ ನೋಡುತ್ತಿದ್ದೆ. ಬೈಕ್ ಫೋಟೋಗೆ ಗ್ಲಾಸ್ ಇರಲಿಲ್ಲ.

ಜಯನಗರ ಫೋರ್ತ್ ಬ್ಲಾಕ್

ನೋಡಿದ್ರಾ? ಕಲೆ, ಸಂಸ್ಕೃತಿ, ನಿಯತ್ತು ಅಂತ ಇಷ್ಟುದ್ದ ಮಾತಾಡಿದ್ದೇ ಬಂತು. ಕೊನೆಗೆ ಗ್ಲಾಸ್ ಇರಲಿಲ್ಲ ಅಂತ ಹಿಡಿಸಿದೆ.

ಕರೋಲ್‌ಬಾಗ್ ಕಾವೇರಿ

ನನಗೆ ಹಿಡಿಸಿದ್ದು ಹೇಳಲೇ ಇಲ್ಲ. ರಘುಬೀರ್ ಸಿಂಗ್ ಅವರ ಬಣ್ಣದ ಫೋಟೋಗಳು. ಬಣ್ಣ ಅಂದರೆ ಜಾಹೀರಾತಿಗೆ ಮಾತ್ರ ಅಂತ ದೊಡ್ಡವರೆಲ್ಲ ಹೇಳುತ್ತಿದ್ದ ಕಾಲದಲ್ಲಿ ಹಟ ಹಿಡಿದು ಬಣ್ಣದಲ್ಲೇ ತೆಗೆದವರು, 1999ರಲ್ಲಿ ತೀರಿಕೊಂಡರು. ಅಂಬಾಸಿಡರ್ ಕಾರಿನೊಳಗೆ ಕೂತು ದೇಶ ಸುತ್ತಿ ಆ ಕಾರಿನ ಕಿಟಕಿ, ಬಾಗಿಲು, ಕನ್ನಡಿ ಎಲ್ಲ ಫೋಟೋದೊಳಗೇ ಬರುವ ಹಾಗೆ ತೆಗೆದಿದ್ದಾರೆ. ನಾನು ಹೊರಗಿನವನು, ಕಾರಿನಲ್ಲಿ ಕೂತು ನೋಡುತ್ತಿದ್ದೇನೆ ಅಂತ ಮುಚ್ಚುಮರೆ ಇಲ್ಲ. ಸಾತೊಡ್ಡಿ ಅವರ ಪ್ರಶ್ನೆಗೆ ಒಂದು ದಾರಿ ಇಲ್ಲಿ ಇದೆ ಅನ್ನಿಸುತ್ತೆ.

ಸಾತೊಡ್ಡಿ

ಕಾರು ಸಂತೆಯೊಳಗೆ ತರಬೇಡಿ ಅಷ್ಟೇ. ಹೇಗೂ ಜಾಗ ಇಲ್ಲ.

ತಿಂಡಿಪೋತ

ಆ ಪ್ರದರ್ಶನ ಇನ್ನೂ ಇದೆಯಾ? ಈ ಶನಿವಾರ ಮನೆಯವರನ್ನೆಲ್ಲ ಕರ್ಕೊಂಡು ಹೋಗೋಣ ಅಂತ.

ಕಡ್ಲೆಪುರಿ

ಭಾನುವಾರವೇ ಕೊನೇ ದಿನ ಆಗಿತ್ತು. ಹಳೇ ಫೋಟೋ ನೋಡಬೇಕು ಅಂದರೆ ಕಸ್ತೂರಬಾ ರಸ್ತೆಯಲ್ಲಿರುವ ಕಲೆ ಮತ್ತು ಫೋಟೋಗಳ ಮ್ಯೂಸಿಯಂ ‘ಮ್ಯಾಪ್’ಗೆ ಹೋಗಿ, 2023ರಲ್ಲಿ ಶುರುವಾಗಿದ್ದು. ಅರಮನೆ ರಸ್ತೆಯಲ್ಲಿ ಆಧುನಿಕ ಕಲೆಯ ರಾಷ್ಟ್ರೀಯ ಗ್ಯಾಲರಿ ಎನ್‌ಜಿಎಂಎ ಕೂಡ ಇದೆ, ಒಳಗೆ ಮರಗಳ ನೆರಳು ಚೆನ್ನಾಗಿದೆ. ಸೋಮವಾರ ಮಾತ್ರ ಹೋಗಬೇಡಿ, ಬಾಗಿಲು ಹಾಕಿರುತ್ತಾರೆ.

ಲೆನ್ಸ್‌ಕ್ಯಾಪ್ ಕಳ್ಕೊಂಡವ

ಮಂಜಣ್ಣ, ನಿಜ್ವಾಗೆ ಯಾವ ತಿಂಗಳು ಬಂದರೆ ಒಳ್ಳೆಯದು?

ಮಸ್ಕತ್ ಮಂಜ

ನವೆಂಬರಿನಿಂದ ಫೆಬ್ರವರಿ. ಬೇಸಿಗೆಯಲ್ಲಿ ಬಂದರೆ ಕ್ಯಾಮೆರಾ ಕೈಯಲ್ಲಿ ಹಿಡಿಯೋಕಾಗಲ್ಲ. ಶುಕ್ರವಾರ ಏಳು ಗಂಟೆಗೆ ಮುಂಚೆ ಅಲ್ಲಿರಬೇಕು. ಮತ್ತೆ ಮುಂದಿನ ಸಾಲಲ್ಲಿ ಕೂರಬೇಡಿ, ಅದು ಆಡು ಕೊಳ್ಳುವವರ ಜಾಗ.

ಜಯನಗರ ಫೋರ್ತ್ ಬ್ಲಾಕ್

ಕೊಂಡೇ ಬಿಟ್ಟರೆ ವಿಮಾನದಲ್ಲಿ ಬಿಡ್ತಾರಾ?